ಸೋರುವ ಕಿವಿ ಸಣ್ಣ ವಿಷಯವಲ್ಲ

ಮಾನ್ಯ ಸಂಪಾದಕರೇ,

ಕಿವಿ ಮಂದವಾಗುವುದು ವಯಸ್ಸಾದವರ ತೊಂದರೆ ಅಂತಲೇ ಬಹಳ ಜನ ತಿಳಿದಿದ್ದಾರೆ. ಒಂದನೇ ತರಗತಿಗೆ ಪಾಠ ಮಾಡುವ ನನಗೆ ಹಾಗನ್ನಿಸುವುದಿಲ್ಲ. ನನ್ನ ತರಗತಿಯ ಒಬ್ಬ ಹುಡುಗ ಉಕ್ತಲೇಖನ ಬರೆಯುವಾಗ ನನ್ನ ತುಟಿಯನ್ನೇ ನೋಡುತ್ತಾನೆ. ನಾನು ಬೋರ್ಡಿನ ಕಡೆ ತಿರುಗಿದರೆ ಅವನ ಪೆನ್ಸಿಲ್ ನಿಂತುಬಿಡುತ್ತದೆ. ಎಡಗಿವಿಯಲ್ಲಿ ಸದಾ ಹತ್ತಿ. ಸೋರುತ್ತೆ, ದೊಡ್ಡವನಾದ ಮೇಲೆ ನಿಲ್ಲುತ್ತೆ ಅಂತ ಮನೆಯವರು ಸುಮ್ಮನಿದ್ದಾರೆ. ನೆಗಡಿಯ ಸೋಂಕು ಮೂಗಿನ ಹಿಂದಿನ ನಾಳದಿಂದ ನಡುಗಿವಿಗೆ ಏರಿ ಕೀವಾಗುತ್ತದೆ, ಕಿವಿಯ ತಮಟೆ ತೂತಾಗುತ್ತದೆ. ಹಾಗೇ ಬಿಟ್ಟರೆ ಒಳಗಿನ ಪುಟ್ಟ ಮೂಳೆಗಳೂ ಸವೆಯಬಹುದು. ಕಾಯುತ್ತಾ ಕೂರುವ ವಿಷಯವೇ ಇದು?

ಮಕ್ಕಳ ಶ್ರವಣದೋಷದಲ್ಲಿ ಸುಮಾರು 60% ತಡೆಯಬಹುದಾದ ಕಾರಣಗಳಿಂದಲೇ ಬರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗರ್ಭಿಣಿಗೆ ತಗಲುವ ರುಬೆಲ್ಲಾ, ಮಗುವಿಗೆ ಬರುವ ಮಂಗನಬಾವು, ಮಿದುಳು ಪೊರೆಯ ಜ್ವರ, ಹುಟ್ಟುವಾಗ ಉಸಿರು ಕಟ್ಟಿದ್ದು, ಜಾಸ್ತಿಯಾದ ಕಾಮಾಲೆ, ಜೆಂಟಾಮೈಸಿನ್‌ನಂಥ ಕೆಲವು ಔಷಧಿ. ಇವುಗಳಲ್ಲಿ ಕೆಲವಕ್ಕೆ ಲಸಿಕೆಯೇ ಇದೆ, ಅಲ್ವಾ? ದೊಡ್ಡವರಿಗಾದರೆ ಸದ್ದಿನ ಕಾಟ ಹೆಚ್ಚು.

ಶಾಲೆಗೆ ಸೇರಿಸುವಾಗಲೇ ಪ್ರತಿ ಮಗುವಿನ ಕಿವಿ ಪರೀಕ್ಷೆ ಆಗಲಿ. ಕಿವಿ ಸೋರುವ ಮಕ್ಕಳ ಪಟ್ಟಿ ಶಿಕ್ಷಕರ ಕೈಗೂ ಸಿಗಲಿ. ಅಲ್ಲಿಯವರೆಗೆ ಅಂಥವರನ್ನು ನಮ್ಮ ಮುಖ ಕಾಣುವಂತೆ ಮುಂದಿನ ಸಾಲಿನಲ್ಲಿ ಕೂರಿಸೋಣ, ದಡ್ಡರೆಂದು ಹಣೆಪಟ್ಟಿ ಹಚ್ಚುವುದು ಬೇಡ.

— ಒಬ್ಬ ಪ್ರಾಥಮಿಕ ಶಾಲಾ ಶಿಕ್ಷಕಿ