ಪಕ್ಕದ ಮನೆಯ ಪಾಟಿ, ಆಕ್ಸ್‌ಫರ್ಡಿನ ಪೋಪ್

ಆತ್ಮೀಯರೇ,

ಕಳೆದ ಶನಿವಾರ ಕನ್ನಡ ತರಗತಿಯ ಮಕ್ಕಳನ್ನು ಆಕ್ಸ್‌ಫರ್ಡಿನ ಸೇಂಟ್ ಸೆಪಲ್ಕರ್ ಸ್ಮಶಾನದಲ್ಲಿರುವ ತಮಿಳು ಕೃತಿಗಳನ್ನು ಇಂಗ್ಲಿಷಿಗೆ ತಂದ ಪಾದ್ರಿ ಜಿ. ಯು. ಪೋಪ್ ಅವರ ಸಮಾಧಿಗೆ ಕರೆದೊಯ್ದಿದ್ದೆ. "ಬೆಂಗಳೂರಿನಲ್ಲೇ ಇದ್ದರಲ್ಲ ಅಂಕಲ್, ಕನ್ನಡ ಬಿಟ್ಟು ತಮಿಳನ್ನೇ ಯಾಕೆ ಹಿಡಿದರು?" ಎಂದು ಹುಡುಗಿಯೊಬ್ಬಳು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. 1839ರಲ್ಲಿ ಮದರಾಸಿಗೆ ಬಂದ ಈ ಪಾದ್ರಿ ಸಾಯರ್‌ಪುರಂ, ತಂಜಾವೂರು, ಊಟಿ ಎಂದು ದಶಕಗಳನ್ನು ತಮಿಳಿನ ನಡುವೆ ಕಳೆದ ಮೇಲಷ್ಟೇ ಬಿಷಪ್ ಕಾಟನ್ ಶಾಲೆಯ ಮುಖ್ಯಸ್ಥರಾಗಿ ಬೆಂಗಳೂರಿಗೆ ಬಂದರು. ಬಂದದ್ದೂ ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ, ಅಲ್ಲಿ ಬೀದಿಯ ಮಾತೂ ಬಹುಮಟ್ಟಿಗೆ ತಮಿಳೇ. ನಮ್ಮ ಪಾಲಿಗೆ ಕಿಟ್ಟೆಲ್ ಇದ್ದರು. ಅದೇ ದಶಕದಲ್ಲಿ, 1875ರಲ್ಲಿ, ಅವರು ಸಂಪಾದಿಸಿದ ನಾಗವರ್ಮನ ಛಂದಸ್ಸಿನ ಗ್ರಂಥ ಛಂದೋಂಬುಧಿ ಮಂಗಳೂರಿನಲ್ಲಿ ಅಚ್ಚಾಯಿತು.

ನಾನು ಬೆಳೆದದ್ದು ಹಲಸೂರಿನಲ್ಲಿ. ಧನುರ್ಮಾಸದ ನಸುಕಿನಲ್ಲಿ ಪಕ್ಕದ ಮನೆಯ ಪಾಟಿ, ಅಂದರೆ ತಮಿಳು ಅಜ್ಜಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆಯುತ್ತ ತಿರುವೆಂಬಾವೈ ಹಾಡುತ್ತಿದ್ದರು. ಪ್ರತಿ ಪದ್ಯವೂ 'ಏಲೋರ್ ಎಂಬಾವಾಯ್' ಎಂದು ಮುಗಿಯುವಾಗ ಅವರ ದನಿ ಕೊನೆಯ ಅಕ್ಷರದ ಮೇಲೆ ಉದ್ದಕ್ಕೆ ನಿಲ್ಲುತ್ತಿತ್ತು. ಪುಡಿ ಹಿಡಿದ ಬೆರಳೂ ಅಷ್ಟು ಹೊತ್ತು ಅಲ್ಲೇ ನಿಲ್ಲುತ್ತಿತ್ತು. ಇಪ್ಪತ್ತು ಪದ್ಯ ಮುಗಿಯುವಷ್ಟರಲ್ಲಿ ನಮ್ಮಮ್ಮ ಹುಗ್ಗಿಗೆ ಹೆಸರುಬೇಳೆ ಹುರಿಯತೊಡಗಿರುತ್ತಿದ್ದಳು, ನಾನು ಕಂಬಳಿಯೊಳಗಿಂದಲೇ ಅರ್ಥ ತಿಳಿಯದೆ ದನಿಗೂಡಿಸುತ್ತಿದ್ದೆ. ಅದು ಮಾಣಿಕ್ಕವಾಚಕರ ತಿರುವಾಚಕದ ಭಾಗವೆಂದು ತಿಳಿದದ್ದು ಇಲ್ಲಿಗೆ ಬಂದು ಪೋಪರ ಇಂಗ್ಲಿಷ್ ಅನುವಾದವನ್ನು ತೆರೆದಾಗ. ಶಿವನಿಗಾಗಿ ಕರಗಿದ ಕವಿಗೆ ಪರಮತದ ಪಾದ್ರಿಯೊಬ್ಬರು ಇಷ್ಟು ಕಿವಿಗೊಟ್ಟದ್ದು ದೊಡ್ಡ ಮಾತು. ಆದರೆ ಪಾಟಿಯ ಆ ಎಳೆತ ಅಲ್ಲಿಲ್ಲ, ಅಚ್ಚಿನ ಪುಟದಲ್ಲಿ ಅದನ್ನು ಹುಡುಕಿದ್ದು ನನ್ನ ತಪ್ಪೇ ಇದ್ದೀತು.

ವಯಸ್ಸಾಯಿತು, ಇಷ್ಟು ದೊಡ್ಡ ಕೆಲಸ ನನ್ನಿಂದ ಮುಗಿಯುವುದೇ ಎಂದು ಪೋಪ್ ಹಿಂಜರಿದಾಗ, ಆಕ್ಸ್‌ಫರ್ಡಿನ ಬೇಲಿಯಲ್ ಕಾಲೇಜಿನ ಮುಖ್ಯಸ್ಥ ಜೋವೆಟ್, ದೊಡ್ಡ ಕೆಲಸ ಕೈಯಲ್ಲಿದ್ದರೆ ಆಯುಷ್ಯ ಹೆಚ್ಚುತ್ತದೆ, ಮುಗಿಸುವವರೆಗೂ ಬದುಕಿರುತ್ತೀರಿ ಎಂದರಂತೆ. ಪುಸ್ತಕ ಹೊರಬಂದ 1900ರಲ್ಲಿ ಪೋಪರಿಗೆ ಎಂಬತ್ತು. ಜೋವೆಟ್ ತೀರಿಕೊಂಡು ಏಳು ವರ್ಷವಾಗಿತ್ತು.

ಪುಟ ಮುಗಿಯುತ್ತಿದೆ. ಸಂಕ್ರಾಂತಿ ಕೂಟ ಜನವರಿಯ ಮೂರನೆಯ ಭಾನುವಾರ ಹನ್ನೊಂದಕ್ಕೆ, ಎಂದಿನ ಸಭಾಂಗಣದಲ್ಲಿ. ಎಳ್ಳುಬೆಲ್ಲದ ಪೊಟ್ಟಣ ಕಟ್ಟಲು ಹಿಂದಿನ ಸಂಜೆಯೇ ಬನ್ನಿ, ಕಬ್ಬು ಸಿಕ್ಕರೆ ತನ್ನಿ. ಸದಸ್ಯತ್ವದ ಹಣ ಈ ತಿಂಗಳೊಳಗೆ. ತಿರುವೆಂಬಾವೈ ಹಾಡಬಲ್ಲ ತಮಿಳು ಸ್ನೇಹಿತರಿದ್ದರೆ ಅಂದು ದಯವಿಟ್ಟು ಕರೆತನ್ನಿ.

ಜೋವೆಟರ ಮಾತು ಸುದ್ದಿಪತ್ರಕ್ಕೆ ಅನ್ವಯಿಸುವಂತೆ ಕಾಣುವುದಿಲ್ಲ. ರಾತ್ರಿ ಒಂದೂವರೆಯಾಗಿದೆ, ಕರಡು ಇನ್ನೂ ತಿದ್ದಿಲ್ಲ. ತಿದ್ದಲು ಒಬ್ಬರು, ಪುಟ ಜೋಡಿಸಲು ಒಬ್ಬರು ಮುಂದೆ ಬಂದರೆ ಯುಗಾದಿ ಸಂಚಿಕೆ ಯುಗಾದಿಗೇ ಬಂದೀತು.

— ಸಂಪಾದಕ