ಕೇಳಿಸಿದ ಹಾಗೇ ಬರಿ, ತಂಗಿ

ಪ್ರೀತಿಯ ತಂಗಿ,

ನಿನ್ನ ಪ್ರಬಂಧ ತಲುಪಿತು. ಅದರ ಜೊತೆ ಇಟ್ಟಿದ್ದ ಎರಡು ಪುಟದ ಪತ್ರವೂ ತಲುಪಿತು. ಪತ್ರದ ತುಂಬ ಮೇಡಂ, ಮೇಡಂ ಅಂತ ಬರೆದಿದ್ದೀಯ. ಅಕ್ಕ ಅನ್ನು, ಸಾಕು. ರಬಕವಿ ಏನು ನನಗೆ ದೂರದ ಊರೇ? 1997ರ ತನಕ ನಾವೆಲ್ಲ ಒಂದೇ ಬಿಜಾಪುರ ಜಿಲ್ಲೆಯವರು.

ಎರಡನ್ನೂ ಓದಿ ಅನ್ನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಿನ್ನ ಪ್ರಬಂಧಕ್ಕಿಂತ ನಿನ್ನ ಪತ್ರ ಚೆನ್ನಾಗಿದೆ.

ಪ್ರಬಂಧದ ಮೊದಲ ಪುಟದಲ್ಲಿ ಏನಿದೆ? ಬಿಟಿಎಸ್ ದಕ್ಷಿಣ ಕೊರಿಯಾದ ಏಳು ಹುಡುಗರ ತಂಡ. 2013ರ ಜೂನ್ 13ರಂದು ಮೊದಲ ಸಲ ಜನರ ಮುಂದೆ ಬಂತು. 2020ರಲ್ಲಿ 'ಡೈನಮೈಟ್' ಹಾಡು ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ ಮೊದಲನೇ ಸ್ಥಾನಕ್ಕೆ ಏರಿತು. ಎಲ್ಲವೂ ಸರಿ, ಒಂದು ತಪ್ಪೂ ಇಲ್ಲ. ಆದರೆ ಅದನ್ನು ಓದುವಾಗ ನೀನು ಯಾವ ಓಣಿಯಲ್ಲಿ ಕೂತು ಆ ಹಾಡು ಕೇಳಿದೆ ಅಂತ ನನಗೆ ಗೊತ್ತಾಗಲೇ ಇಲ್ಲ. ಬೆಂಗಳೂರಿನ ಹುಡುಗಿಯೂ ಅದೇ ಪುಟ ಬರೆಯಬಹುದು, ಮಂಗಳೂರಿನವಳೂ ಬರೆಯಬಹುದು.

ಪತ್ರದಲ್ಲಿ ಮಾತ್ರ ಒಂದು ಮಧ್ಯಾಹ್ನ ಇದೆ. ಕರೆಂಟು ಹೋಯಿತು, ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು, ಆ ಮೌನದಲ್ಲಿ ನೀನು ಕಿವಿಯ ಇಯರ್‌ಫೋನ್ ತೆಗೆದು ಹಾಡನ್ನು ಜೋರಾಗಿ ಹಚ್ಚಿದೆ. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದ ಅಜ್ಜಿ ಕೈ ನಿಲ್ಲಿಸಿ ಕೇಳಿದಳು: "ಯಾರವ್ವ ಅಂವಾ, ನಾ ನಾ ಅನ್ನಾಕತ್ತಾನಲ್ಲ? ನಮ್ಮ ಕಡೆ ಹುಡುಗ ಏನು?"

ಕೊರಿಯನ್ ಭಾಷೆಯಲ್ಲಿ 'ನಾ' ಅಂದರೆ ನಾನೇ. ಅಲ್ಲಿನ ಮಕ್ಕಳೂ ತಂದೆಯನ್ನು 'ಅಪ್ಪಾ' ಅಂತಲೇ ಕರೆಯುತ್ತಾರೆ. ಇದು ನಿನಗೆ ಆಮೇಲೆ ಗೊತ್ತಾಯಿತು. ಅಜ್ಜಿಗೆ ಮೊದಲು ಕೇಳಿಸಿತು. ಇಷ್ಟು ಒಳ್ಳೆಯ ವಿಷಯವನ್ನು "ಸುಮ್ನೆ ಹೇಳಿದೆ ಮೇಡಂ" ಅಂತ ಪತ್ರದ ಕೊನೆಗೆ ಇಟ್ಟು, ಪ್ರಬಂಧದಿಂದ ಹೊರಗೆ ಬಿಟ್ಟಿದ್ದೀಯ. ಓದಿ ನನಗೆ ಜೀವ ಚುರ್ ಅಂತು.

ಯಾಕೆ ಚುರ್ ಅಂತು ಅಂತ ಹೇಳಬೇಕಾದರೆ ನನ್ನ ಕತೆ ಸ್ವಲ್ಪ ಹೇಳಬೇಕು.

ನನಗೆ ಆಗ ಹತ್ತು ವರ್ಷ. 1980. ಊರಿನ ಹೆಸರು ಬಿಜಾಪುರ. ಅಪ್ಪನದು ಕಿರಾಣಿ ಅಂಗಡಿ. ಕಾಕಾ ಸೊಲ್ಲಾಪುರದ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ದೀಪಾವಳಿಗೆ ಬರುವಾಗ ಒಂದು ಟೇಪ್ ರೆಕಾರ್ಡರ್ ತಂದರು, ಜೊತೆಗೆ ನಾಲ್ಕು ಕ್ಯಾಸೆಟ್. ಮೂರು ಹಿಂದಿ ಸಿನಿಮಾ ಹಾಡಿನವು. ನಾಲ್ಕನೆಯದು ಯಾವುದೋ ಅಂಗಡಿಯಲ್ಲಿ ತುಂಬಿಸಿಕೊಂಡು ಬಂದದ್ದು. ಅದಕ್ಕೆ ಚಿತ್ರದ ಕಾಗದ ಇರಲಿಲ್ಲ. ಮೇಲೆ ಪೆನ್ನಿನಲ್ಲಿ 'ಬೋನಿ ಎಂ' ಅಂತ ಬರೆದಿತ್ತು, ಅಷ್ಟೆ.

ಅಪ್ಪ ಅದನ್ನು 'ಬೋಣಿ' ಅಂತ ಓದಿದರು. ಅಂಗಡಿಕಾರನ ಕಣ್ಣಿಗೆ ಬೇರೇನು ಕಾಣಬೇಕು? ದಿನದ ಮೊದಲ ವ್ಯಾಪಾರಕ್ಕೆ ಬೋಣಿ ಅನ್ನುವ ಊರು ನಮ್ಮದು. ಹೆಸರು ಚಲೋ ಅದ ಅಂತ ಅಪ್ಪ ಖುಷಿಪಟ್ಟರು. ಗಲ್ಲಾಪೆಟ್ಟಿಗೆಗೆ ಊದಿನಕಡ್ಡಿ ಬೆಳಗಿ, ಮೊದಲ ಗಿರಾಕಿ ಬರುವ ತನಕ ಅದನ್ನೇ ಹಚ್ಚಲು ನನಗೆ ಅಪ್ಪಣೆ ಕೊಟ್ಟರು. ಹಾಗಾಗಿ ದಿನಾ ಮುಂಜಾನೆ ನಮ್ಮ ಅಂಗಡಿಯಲ್ಲಿ, ಬೆಲ್ಲದ ಪೆಂಟೆ ಮತ್ತು ಜೋಳದ ಚೀಲಗಳ ನಡುವೆ, ಜರ್ಮನಿಯಲ್ಲಿ ಹುಟ್ಟಿದ ಹಾಡುಗಳು ಕೇಳುತ್ತಿದ್ದವು.

ಅದರಲ್ಲಿ ಒಂದು ಹಾಡು ನಮಗೆಲ್ಲ ಹುಚ್ಚು ಹಿಡಿಸಿತ್ತು. ದಪ್ಪ ದನಿಯ ಗಂಡಸು ಒಬ್ಬ, ಸುತ್ತ ಹೆಣ್ಣುದನಿಗಳು. ಅದು ಯಾವ ಭಾಷೆ ಅಂತ ಕೂಡ ನಮಗೆ ಖಾತ್ರಿ ಇರಲಿಲ್ಲ. ಒಂದು ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸುತ್ತಿತ್ತು: 'ರಾಶಿ ಬುಟ್ಟಿ'. ನನಗೆ ಸಂಶಯವೇ ಇರಲಿಲ್ಲ. ಬಿಳಿಜೋಳದ ರಾಶಿ ಮಾಡುವ ಕಣ, ಅಲ್ಲಿ ಕಾಳು ತುಂಬುವ ಬುಟ್ಟಿ, ಅದರ ಹಾಡು ಇದು. ತಾಳವೂ ಹಾಗೇ ಇತ್ತು. ಬುಟ್ಟಿ ಎತ್ತಿ ಗಾಳಿಗೆ ತೂರುವವರ ಕೈಗೆ ಸರಿಯಾಗಿ ಹೊಂದುವ ತಾಳ. ನಮ್ಮ ಹಾಗೇ ರಾಶಿ ಮಾಡುವ ಜನ ಪರದೇಶದಲ್ಲೂ ಇದ್ದಾರೆ ಅಂತ ಎಷ್ಟು ಸಂತೋಷಪಟ್ಟಿದ್ದೆ ಗೊತ್ತಾ?

ಸೆಲ್ ಹಳೆಯದಾದ ಹಾಗೆ ಹಾಡು ನಿಧಾನವಾಗುತ್ತಿತ್ತು. ದಪ್ಪ ದನಿ ಇನ್ನೂ ದಪ್ಪವಾಗುತ್ತಿತ್ತು. ಅವನಿಗೆ ದಣಿವಾಯಿತು ಅಂತ ನಾನು ಸೆಲ್ ತೆಗೆದು ಬಿಸಿಲಿಗೆ ಇಡುತ್ತಿದ್ದೆ.

ಒಂದು ಭಾನುವಾರ ನಾವು ನಾಲ್ಕು ಹುಡುಗಿಯರು ಗೋಳಗುಮ್ಮಟ ಹತ್ತಿದೆವು. ಮೂಲೆಯ ಮಿನಾರಿನ ಕಡಿದಾದ ಮೆಟ್ಟಿಲು, ಮೇಲೆ ಆ ಪಿಸುಮಾತಿನ ಗ್ಯಾಲರಿ. ಒಂದು ಸಲ ಅಂದದ್ದು ಏಳೆಂಟು ಸಲ ತಿರುಗಿ ಬರುವ ಜಾಗ. ಎಲ್ಲರೂ ತಮ್ಮ ಹೆಸರು ಕೂಗುತ್ತಾರೆ, ಚಪ್ಪಾಳೆ ಹೊಡೆಯುತ್ತಾರೆ. ನಾವು 'ರಾಶಿ ಬುಟ್ಟಿ' ಅಂತ ಹಾಡಿದೆವು. ಮೊದಲ ಸಲ ಪೂರ್ತಿ ಬಂತು. ಆಮೇಲೆ 'ರಾಶಿ' ಕರಗಿತು. ಕೊನೆಗೆ ಬರೀ 'ಟೀ, ಟೀ' ಅಂತ ಗೋಡೆಗುಂಟ ಓಡಾಡಿತು. ಕಾವಲಿನ ಮನುಷ್ಯ ಸೀಟಿ ಊದಿ ಬೈದ. ಆ ಬೈಗುಳವೂ ಏಳೆಂಟು ಸಲ ಬಂತು.

ನಾನು ಕಾಲೇಜಿಗೆ ಧಾರವಾಡಕ್ಕೆ ಹೋದ ಮೇಲೆ ಗೊತ್ತಾಯಿತು, ಅದು ರಾಸ್ಪುಟಿನ್. ರಷ್ಯದ ರಾಜಮನೆತನಕ್ಕೆ ಹತ್ತಿರವಾಗಿದ್ದ ಒಬ್ಬ ಮನುಷ್ಯನ ಹೆಸರು. ಹಾಡು 1978ರದು. ಬೋನಿ ಎಂ ಅಂದರೆ ಒಬ್ಬರಲ್ಲ, ನಾಲ್ವರು. ಲಿಜ್ ಮಿಚೆಲ್ ಮತ್ತು ಮಾರ್ಸಿಯಾ ಬ್ಯಾರೆಟ್ ಹುಟ್ಟಿದ್ದು ಜಮೈಕಾದಲ್ಲಿ, ಮೇಜಿ ವಿಲಿಯಮ್ಸ್ ಮಾಂಟ್ಸೆರಾಟ್ ದ್ವೀಪದವರು, ಕುಣಿಯುವ ಬಾಬಿ ಫ್ಯಾರೆಲ್ ಅರೂಬಾದವರು. ತಂಡ ಕಟ್ಟಿದ್ದು ಫ್ರ್ಯಾಂಕ್ ಫೇರಿಯನ್ ಅನ್ನುವ ಜರ್ಮನ್. ಬೋನಿ ಅನ್ನುವುದು ಆಸ್ಟ್ರೇಲಿಯಾದ ಒಂದು ಪತ್ತೇದಾರಿ ಟಿವಿ ಧಾರಾವಾಹಿಯಿಂದ ಫೇರಿಯನ್ ಎತ್ತಿಕೊಂಡ ಹೆಸರು. ಇನ್ನೂ ಒಂದು ಗೊತ್ತಾಯಿತು, ಅದು ನೋವಾಯಿತು. ರೆಕಾರ್ಡಿನಲ್ಲಿದ್ದ ಆ ದಪ್ಪ ದನಿ ಬಾಬಿಯದಲ್ಲ. ಅದು ಫೇರಿಯನ್ ಸ್ಟುಡಿಯೋದಲ್ಲಿ ಹಾಡಿದ್ದು. ಬಾಬಿ ಅದಕ್ಕೆ ತುಟಿ ಆಡಿಸಿ ಕುಣಿಯುತ್ತಿದ್ದರು. ನಾನು ಯಾರ ದಣಿವಿಗಾಗಿ ಸೆಲ್ ಬಿಸಿಲಿಗೆ ಇಟ್ಟೆ ಅಂತ ಬಹಳ ದಿನ ಯೋಚಿಸಿದೆ.

ಈಗ ನಾನು ಮಾಡಿದ ತಪ್ಪಿಗೆ ಬರುತ್ತೇನೆ. ನೀನೂ ಅದೇ ದಾರಿಯಲ್ಲಿದ್ದೀಯ, ಅದಕ್ಕೇ ಈ ಪತ್ರ.

ಆ ಕ್ಯಾಸೆಟ್ಟಿನಲ್ಲೇ 'ರಿವರ್ಸ್ ಆಫ್ ಬ್ಯಾಬಿಲಾನ್' ಇತ್ತು. ಅದನ್ನು ಮೊದಲು ಹಾಡಿದವರು ಜಮೈಕಾದ ಮೆಲೋಡಿಯನ್ಸ್, 1970ರಲ್ಲಿ. ಅದರ ಮಾತುಗಳ ಮೂಲ ಬೈಬಲ್ಲಿನ 137ನೇ ಕೀರ್ತನೆ. ಊರು ಕಳಕೊಂಡು ಸೆರೆಯಾದ ಜನ ನದಿಯ ದಂಡೆಯಲ್ಲಿ ಕೂತು ತಮ್ಮ ಊರು ನೆನೆದು ಅಳುತ್ತಾರೆ. ಇದನ್ನು ತಿಳಿದಾಗ ನನ್ನ ಎದೆ ಹೊಡಕೊಂಡಿತು. ಯಾಕೆಂದರೆ ನನ್ನ ಅವ್ವನ ತವರು ಬೀಳಗಿ ಕಡೆಯ ಒಂದು ಹಳ್ಳಿ, ಕೃಷ್ಣೆಯ ದಂಡೆ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲೇ ಅಡಿಗಲ್ಲು ಹಾಕಿದ್ದರು. ಮೂವತ್ತಕ್ಕೂ ಜಾಸ್ತಿ ವರ್ಷ ಆದ ಮೇಲೆ ಹಿನ್ನೀರು ಬಂತು. ಅವ್ವನ ತವರು ಮುಳುಗಡೆಯಾಯಿತು. ಹಳೆ ಬಾಗಲಕೋಟೆಯ ಎಷ್ಟೋ ಓಣಿಗಳೂ ಹೋದವು, ನವನಗರ ಬಂತು.

ನಾನು ಕೂತು ಒಂದು ಪ್ರಬಂಧ ಬರೆದೆ. ಅದರಲ್ಲಿ ಹತ್ತು ವರ್ಷದ ಹುಡುಗಿ ಅಂಗಡಿಯಲ್ಲಿ ಆ ಹಾಡು ಕೇಳಿ, ಯಾಕೋ ಅಜ್ಜಿಯ ಊರು ನೆನೆದು ಕಣ್ಣೀರು ಹಾಕುತ್ತಾಳೆ. ಓದಿದವರೆಲ್ಲ ಹೊಗಳಿದರು. ಅವ್ವನಿಗೆ ಓದಿ ಹೇಳಿದೆ. ಅವ್ವ ಪೂರ್ತಿ ಕೇಳಿದಳು. ಆಮೇಲೆ ಅಂದಳು: "ನೀ ಆವಾಗ ಕುಣೀತಿದ್ದಿ. ಅತ್ತಿದ್ದು ಯಾವಾಗ? ಅತ್ತಾಕಿ ನಾ. ಅದೂ ಇಪ್ಪತ್ತು ವರ್ಷ ಆದಮ್ಯಾಲೆ."

ಅವತ್ತೇ ರಾತ್ರಿ ಆ ಪುಟಗಳನ್ನು ಹರಿದೆ. ಆ ಹುಡುಗಿ ಅತ್ತಿರಲಿಲ್ಲ. ಅವಳಿಗೆ ಅದು ಕುಣಿತದ ಹಾಡು. ನನ್ನ ಮೂವತ್ತರ ತಿಳಿವಳಿಕೆಯನ್ನು ಅವಳ ತಲೆಯೊಳಗೆ ತುರುಕಿದ್ದೆ. ಅವಳ ಕುಣಿತವನ್ನೂ ಕಸಿದುಕೊಂಡೆ, ಅವ್ವನ ಅಳುವನ್ನೂ ಕಸಿದುಕೊಂಡೆ. ಮತ್ತೆ ಬರೆದಾಗ ಮೊದಲು ಹುಡುಗಿ ಕುಣಿದಳು. ನಡುವೆ ಎರಡು ಸಾಲು ಖಾಲಿ ಬಿಟ್ಟೆ. ಆಮೇಲೆ ಅವ್ವ, ಹೊಸ ಊರಿನ ಪುನರ್ವಸತಿ ಮನೆಯ ಕಟ್ಟೆಯ ಮೇಲೆ. ಎರಡನ್ನೂ ಹೊಲಿಯಲು ಹೋಗಲಿಲ್ಲ.

ನಿನಗೆ ನಾನು ಹೇಳುವುದು ಇದನ್ನೇ. ಕೇಳಿಸಿದ್ದನ್ನು ಕೇಳಿಸಿದ ಹಾಗೇ ಬರಿ. ಹನ್ನೆರಡನೇ ವಯಸ್ಸಿನಲ್ಲಿ ಆ ಕೊರಿಯನ್ ಮಾತು ನಿನಗೆ ಏನಾಗಿ ಕೇಳಿಸಿತು? ಪಾಟಿ ಹಿಂದೆಯೋ ನೋಟ್‌ಬುಕ್ಕಿನ ಕೊನೆ ಪುಟದಲ್ಲೋ ಕನ್ನಡ ಅಕ್ಷರದಲ್ಲಿ ಬರಕೊಂಡಿದ್ದೆ ಅಂದಿದ್ದೀಯ. ಆ ಪುಟ ಹುಡುಕು. ಅದರಲ್ಲಿರುವ ತಪ್ಪುಗಳನ್ನು ತಿದ್ದಬೇಡ. ಸರಿಯಾದ ಸಾಹಿತ್ಯ ಎಲ್ಲರಿಗೂ ಫೋನಿನಲ್ಲಿ ಸಿಗುತ್ತದೆ. ನಿನ್ನ ತಪ್ಪು ಸಿಗುವುದು ನಿನ್ನ ಹತ್ತಿರ ಮಾತ್ರ. 'ನಾ' ಒಂದೇ ಆಗಿದೆ ಅಂತ ಕನ್ನಡ, ಕೊರಿಯನ್ ಎರಡೂ ಅಕ್ಕತಂಗಿಯರು ಅಂತ ವಾದ ಕಟ್ಟಲೂ ಹೋಗಬೇಡ. ಅದು ಬೇರೆಯವರ ಕೆಲಸ. ನಿನ್ನದು ಅಜ್ಜಿಯ ಕಿವಿ.

ಹಾಗಂತ ತಾರೀಖು, ಹೆಸರು ಬೇಡ ಅನ್ನುತ್ತಿಲ್ಲ. ತಿಳಕೊ, ಸರಿಯಾಗಿ ತಿಳಕೊ. ನಾವು ಪ್ರೀತಿಸಿದವರ ಊರು ಯಾವುದು, ದನಿ ಯಾರದು ಅಂತ ವಿಚಾರಿಸದೆ ಇರುವುದು ನನಗೆ ಸರಿ ಅನ್ನಿಸುವುದಿಲ್ಲ. ಆದರೆ ಗೊತ್ತಾದದ್ದನ್ನು ಗೊತ್ತಾದ ವಯಸ್ಸಿನಲ್ಲೇ ಇಡು.

ಇನ್ನೊಂದು. ಬಾಬಿ ಫ್ಯಾರೆಲ್ ತೀರಿಕೊಂಡದ್ದು 2010ರ ಡಿಸೆಂಬರ್ 30ರಂದು, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ರಾಸ್ಪುಟಿನ್‌ನನ್ನು ಕೊಂದದ್ದೂ ಅದೇ ಊರಿನಲ್ಲಿ, 1916ರ ಅದೇ ತಾರೀಖು. ಇದನ್ನು ಓದಿದಾಗ ನನ್ನ ಕೈ ತಂತಾನೇ ಪೆನ್ನಿಗೆ ಹೋಯಿತು. ಪ್ರಬಂಧದ ಕೊನೆ ಸಿಕ್ಕಿತು ಅಂದುಕೊಂಡೆ. ಒಂದು ವಾರ ಇಟ್ಟುಕೊಂಡೆ, ಆಮೇಲೆ ಬಿಟ್ಟೆ. ಅಷ್ಟು ಸಲೀಸಾಗಿ ಸಿಕ್ಕ ಕೊನೆ ನಾನು ಬರೆದ ಕೊನೆ ಆಗುವುದಿಲ್ಲ. ನಮ್ಮ ಅಂಗಡಿಗೂ ಆ ತಾರೀಖಿಗೂ ಏನು ಸಂಬಂಧ? ಇಂಥವು ನಿನ್ನ ಕೈಗೂ ಬರುತ್ತವೆ. ಆಸೆಯಾಗುತ್ತದೆ. ಒಂದು ವಾರ ತಡಿ.

"ಇಷ್ಟು ಸಣ್ಣ ವಿಷಯಕ್ಕೆ ನಿಮ್ಮ ಟೈಮ್ ತಗೊಂಡೆ, ಕ್ಷಮಿಸಿ" ಅಂತ ಬರೆದಿದ್ದೀಯ. ಮನೆಯಲ್ಲೂ, ಕಾಲೇಜಲ್ಲೂ, ನಮ್ಮ ಗೀಗೀ ಪದ, ಡೊಳ್ಳಿನ ಹಾಡು ಬಿಟ್ಟು ಕೊರಿಯಾ ಯಾಕೆ ಅಂತ ಕೇಳುತ್ತಾರಂತೆ. ನಾನು ಅಂಗಡಿಯಲ್ಲಿ ಮುಂಜಾನೆ ಬೋನಿ ಎಂ ಕೇಳಿದ ಕಿವಿಯಲ್ಲೇ ರಾತ್ರಿ ಹನುಮಪ್ಪನ ಗುಡಿಯ ಭಜನೆ ಕೇಳುತ್ತಿದ್ದೆ. ಒಂದರಿಂದ ಇನ್ನೊಂದಕ್ಕೆ ಏನೂ ಕಡಿಮೆಯಾಗಲಿಲ್ಲ. ಕ್ಷಮೆಯ ಆ ಸಾಲನ್ನು ಪತ್ರದಿಂದ ಹೊಡೆದುಹಾಕು. ಪ್ರಬಂಧದಲ್ಲಿಯೂ ಅದರ ನೆರಳು ಇದೆ, ಮೂರನೇ ಪುಟದಲ್ಲಿ. ಅದನ್ನೂ ಹೊಡೆದುಹಾಕು.

ಮುಂದಿನ ಸಲ ಕಳಿಸುವಾಗ ಕರೆಂಟು ಹೋದ ಮಧ್ಯಾಹ್ನದಿಂದ ಶುರು ಮಾಡು. ಮಗ್ಗ ನಿಂತಾಗ ಎಂಥ ಮೌನ ಇತ್ತು, ಕಂಡಿಕೆಯ ನೂಲು ಯಾವ ಬಣ್ಣದ್ದು, ಬರಿ. ಕಳಿಸುವ ಮೊದಲು ಅಜ್ಜಿಗೆ ಜೋರಾಗಿ ಓದಿ ಹೇಳು. ಅವಳು ಎಲ್ಲಿ ತಲೆ ಅಲ್ಲಾಡಿಸುತ್ತಾಳೆ ನೋಡಿಕೋ.

ಒಂದು ಮಾತು ಉಳಿಯಿತು. "ನಮ್ಮ ಕಡೆ ಹುಡುಗ ಏನು?" ಅಂತ ಅಜ್ಜಿ ಕೇಳಿದಳಲ್ಲ, ಅದಕ್ಕೆ ನೀನು ಏನು ಉತ್ತರ ಕೊಟ್ಟೆ? ಎಲ್ಲಿಯೂ ಬರೆದಿಲ್ಲ. ನಾನು ನಾಲ್ಕು ದಿನದಿಂದ ಅದನ್ನೇ ಕಾಯುತ್ತಿದ್ದೇನೆ.

ನಿನ್ನ ಅಕ್ಕ,
ವಿಜಯಪುರ