ಟೊಮೆಟೊ ದಾರ ಪುಡಿಯಾಗುವುದೇಕೆ?

ಮಾನ್ಯ ಸಂಪಾದಕರೇ,

ಕೋಲಾರ, ಶ್ರೀನಿವಾಸಪುರ ಕಡೆಯ ಟೊಮೆಟೊ ತೋಟಗಳಲ್ಲಿ ಗಿಡ ಎತ್ತಿ ಕಟ್ಟುವ ಬಿಳಿ ಪ್ಲಾಸ್ಟಿಕ್ ದಾರ ಎಷ್ಟೋ ಸಲ ಕೊಯ್ಲು ಮುಗಿಯುವ ಮೊದಲೇ ಬೆರಳಲ್ಲಿ ತಿಕ್ಕಿದರೆ ಪುಡಿಯಾಗುತ್ತದೆ. ಅದೇ ಬಿಸಿಲಲ್ಲಿ ಬಿದ್ದಿರುವ ಕಪ್ಪು ಡ್ರಿಪ್ ಪೈಪು ಹಾಗೇ ಇರುತ್ತದೆ. ಅಂಗಡಿಯವರನ್ನು ಬೈಯುತ್ತೇವೆ. ಬೈಗುಳದಲ್ಲಿ ಅರ್ಧ ನ್ಯಾಯವಿದೆ.

ಎರಡೂ ಇಂಗಾಲದ ಉದ್ದನೆಯ ಸರಪಣಿಗಳೇ. ಪೈಪಿನ ಪಾಲಿಥೀನ್‌ನಲ್ಲಿ ಇಂಗಾಲದ ಪಕ್ಕಕ್ಕೆ ಬರೀ ಜಲಜನಕ. ದಾರದ ಪಾಲಿಪ್ರೊಪಿಲೀನ್‌ನಲ್ಲಿ ಒಂದು ಬಿಟ್ಟು ಒಂದು ಇಂಗಾಲಕ್ಕೆ ಮೀಥೈಲ್ ಗುಂಪು (ಒಂದು ಇಂಗಾಲ, ಮೂರು ಜಲಜನಕ) ಜೋತುಬಿದ್ದಿರುತ್ತದೆ. ಈ ಗುಂಪುಗಳು ಅಡ್ಡಾದಿಡ್ಡಿ ನಿಂತರೆ ಸಿಗುವುದು ಅಂಟಂಟು ಮುದ್ದೆ. 1954ರಲ್ಲಿ ಇಟಲಿಯ ರಸಾಯನ ವಿಜ್ಞಾನಿ ಜೂಲಿಯೊ ನಟ್ಟಾ ಅವನ್ನು ಒಂದೇ ಬದಿಗೆ ಸಾಲಾಗಿ ನಿಲ್ಲಿಸಿದ ಮೇಲೆಯೇ ಅದು ದಾರ ಎಳೆಯುವಷ್ಟು ಗಟ್ಟಿಯಾದದ್ದು. ಪಾಲಿಥೀನ್ 110ರಿಂದ 130 ಡಿಗ್ರಿಗೆ ಕರಗಿದರೆ ಇದಕ್ಕೆ 160 ಬೇಕು. ಆದರೆ ಮೀಥೈಲ್ ಹೊತ್ತ ಇಂಗಾಲದಲ್ಲಿ ಉಳಿದ ಒಂದೇ ಜಲಜನಕದ ಹಿಡಿತ ಸಡಿಲ. ಬಿಸಿಲು, ಆಮ್ಲಜನಕ ಸೇರಿ ಮೊದಲು ಕೀಳುವುದು ಅದನ್ನೇ. ಸರಪಣಿ ತುಂಡಾಗುವುದೂ ಅಲ್ಲೇ. ಪೈಪಿಗೆ ಶೇ 2-3ರಷ್ಟು ಕಾರ್ಬನ್ ಬ್ಲ್ಯಾಕ್ ಎಂಬ ಮಸಿಪುಡಿಯ ಕೊಡೆಯಿದೆ. ಬಿಸಿಲಿನ ಹೊಡೆತ ತಡೆಯುವ ಯುವಿ ಸ್ಟೆಬಿಲೈಸರ್ ಹಾಕದ ಬಿಳಿ ದಾರಕ್ಕೆ ಏನೂ ಇಲ್ಲ.

ಮೀಥೈಲ್ ಜಾಗದಲ್ಲಿ ಕ್ಲೋರಿನ್ ಕೂತರೆ ಪಿವಿಸಿ. ಕ್ಲೋರಿನ್‌ನಿಂದಾಗಿ ಅಕ್ಕಪಕ್ಕದ ಸರಪಣಿಗಳು ಒಂದನ್ನೊಂದು ಸೆಳೆಯುತ್ತವೆ, ಪಿವಿಸಿ ಪೈಪು ಸೆಟೆದು ನಿಲ್ಲುತ್ತದೆ. ಪೈಪು ಅಂಟಿಸುವ ಸಲ್ಯೂಷನ್ ಹಚ್ಚಿದರೆ ಮೇಲ್ಪದರ ಕರಗಿ ಬೆಸೆಯುವುದೂ ಅದರಿಂದಲೇ. ಅದೇ ಸಲ್ಯೂಷನ್ನನ್ನು ಕೃಷಿ ಹೊಂಡದ ಎಚ್‌ಡಿಪಿಇ (ಇದೂ ಒಂದು ಪಾಲಿಥೀನ್) ಹಾಳೆಯ ತೂತಿಗೆ ಬಳಿದರೆ ಒಣಗಿದ ಮೇಲೆ ಸಿಪ್ಪೆಯಂತೆ ಏಳುತ್ತದೆ, ಹಿಡಿಯಲು ಅಲ್ಲೇನೂ ಇಲ್ಲ. ಮಣ್ಣು ತೊಳೆದು, ಪೂರ್ತಿ ಒಣಗಿಸಿ, ಅದೇ ಹಾಳೆಯ ತುಂಡನ್ನು ತೂತಿನ ಸುತ್ತ ನಾಲ್ಕು ಬೆರಳು ಮೀರುವಂತೆ ಇಟ್ಟು ಬಿಸಿಗಾಳಿ ಯಂತ್ರದಲ್ಲಿ ಬೆಸೆಯಬೇಕು. ಯಾವ ಪ್ಲಾಸ್ಟಿಕ್ಕೋ ಗೊತ್ತಾಗದಿದ್ದರೆ ಒಂದು ಚೂರನ್ನು ಬಕೆಟ್ ನೀರಿನಲ್ಲಿ ಅದ್ದಿ, ಅಂಟಿದ ಗಾಳಿಗುಳ್ಳೆ ಒರೆಸಿ ಬಿಡಿ. ಪಿವಿಸಿ ಮುಳುಗುತ್ತದೆ, ಉಳಿದೆರಡು ತೇಲುತ್ತವೆ. ಮುಳುಗಿದ್ದನ್ನು ಕಸದ ಜೊತೆ ಬೆಂಕಿಗೆ ಹಾಕುವುದು ಬೇಡ. ಆ ಕ್ಲೋರಿನ್ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆಯಾಗಿ ಕಣ್ಣು, ಗಂಟಲು ಸುಡುತ್ತದೆ.

ದಾರದ ಉಂಡೆಯ ಮೇಲೆ ತೂಕ, ಬೆಲೆ ಮಾತ್ರವಲ್ಲ, ಯಾವ ಪ್ಲಾಸ್ಟಿಕ್, ಸ್ಟೆಬಿಲೈಸರ್ ಹಾಕಿದೆಯೇ, ಎಷ್ಟು ತಿಂಗಳ ಬಿಸಿಲು ತಡೆಯುತ್ತದೆ ಎಂಬುದನ್ನೂ ಅಚ್ಚು ಹಾಕುವಂತೆ ಸಂಬಂಧಪಟ್ಟ ಇಲಾಖೆ ಕಡ್ಡಾಯ ಮಾಡಲಿ. ಕನ್ನಡದಲ್ಲೇ.

– ಓದುಗರು, ಕೋಲಾರ